ಮೂರನೆಯವನ ದನಿ: ಜಾರ್ಜ್ ಹ್ಯಾರಿಸನ್

ಬೀಟಲ್ಸ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ. ನಾವೂ ಹಾಗೇ ಅಂದುಕೊಂಡಿದ್ದವರು. ಚಳಿಗಾಲದ ರಜೆಯಲ್ಲಿ ಟಿಕೆಟ್ ದುಬಾರಿ ಅಂತ ಊರಿಗೆ ಹೋಗದೆ ಇಲ್ಲೇ ಉಳಿದ ನಾವು ನಾಲ್ಕೈದು ಜನ, ರಾತ್ರಿಗೊಂದು ಆಲ್ಬಮ್ ಅಂತ ಲೆಕ್ಕ ಹಾಕಿ 1963ರಿಂದ 1970ರವರೆಗಿನ ಬೀಟಲ್ಸ್ ಹಾಡುಗಳನ್ನು ಸಾಲಾಗಿ ಕೇಳಿದೆವು. ಹಳೆಯ ಆವೃತ್ತಿ ಒಮ್ಮೆ, ಹೊಸ ಆವೃತ್ತಿ ಇನ್ನೊಮ್ಮೆ. ಕೊನೆಗೆ ನಮ್ಮ ಮನಸ್ಸಿನಲ್ಲಿ ಉಳಿದವನು ಆ ಇಬ್ಬರ ಪಕ್ಕದಲ್ಲಿ ಗಿಟಾರ್ ಹಿಡಿದು ನಿಂತಿದ್ದ ಮೂರನೆಯವನು. ಈ ಸಲದ ಸಂಚಿಕೆಗೆ ಅವನ ಕಥೆಯನ್ನೇ ಬರೆಯೋಣ ಅನ್ನಿಸಿತು.

ಜಾರ್ಜ್ ಹುಟ್ಟಿದ್ದು 1943ರ ಫೆಬ್ರವರಿ 25ರಂದು, ಲಿವರ್‌ಪೂಲ್‌ನ ವೇವರ್‌ಟ್ರೀ ಬಡಾವಣೆಯ ಒಂದು ಪುಟ್ಟ ಮನೆಯಲ್ಲಿ. ಶೌಚಾಲಯ ಮನೆಯ ಹೊರಗೆ. ಅಪ್ಪ ಬಸ್ ಡ್ರೈವರ್. ನಾಲ್ಕು ಮಕ್ಕಳಲ್ಲಿ ಇವನೇ ಕಿರಿಯ. ಶಾಲೆಗೆ ಹೋಗುವ ಬಸ್ಸಿನಲ್ಲಿ ಪಾಲ್ ಪರಿಚಯವಾದ. 1958ರಲ್ಲಿ ಪಾಲ್ ಈ ಹುಡುಗನನ್ನು ಲೆನನ್ ಹತ್ತಿರ ಕರೆದುಕೊಂಡು ಹೋದಾಗ, ಇಷ್ಟು ಚಿಕ್ಕವನು ಯಾಕೆ ಅಂತ ಲೆನನ್ ಹಿಂಜರಿದ. ಡಬಲ್ ಡೆಕ್ಕರ್ ಬಸ್ಸಿನ ಮೇಲಿನ ಮಹಡಿಯಲ್ಲಿ ಕೂತು ಗಿಟಾರ್ ನುಡಿಸಿ ತೋರಿಸಿದ ಮೇಲೆ ಒಪ್ಪಿಗೆ ಸಿಕ್ಕಿತು.

1960ರಲ್ಲಿ ತಂಡ ಜರ್ಮನಿಯ ಹ್ಯಾಂಬರ್ಗ್‌ಗೆ ಹೋಯಿತು. ರಾತ್ರಿಯೆಲ್ಲ ಕ್ಲಬ್‌ನಲ್ಲಿ ನುಡಿಸುವ ಕೆಲಸ. ಜಾರ್ಜ್‌ಗೆ ಇನ್ನೂ ಹದಿನೇಳು. ವಯಸ್ಸು ಸಾಲದು ಅಂತ ಪೊಲೀಸರಿಗೆ ಗೊತ್ತಾಗಿ ನವೆಂಬರ್‌ನಲ್ಲಿ ಅವನನ್ನು ದೇಶದಿಂದಲೇ ಹೊರಗೆ ಕಳಿಸಿದರು. ವೀಸಾ ಕಾಗದಗಳನ್ನು ಎರಡೆರಡು ಸಲ ನೋಡಿಕೊಂಡು ಬದುಕುವ ನಮಗೆ ಈ ಪ್ರಸಂಗ ಓದುವಾಗ ಎದೆ ಸ್ವಲ್ಪ ಝಲ್ ಅಂದಿದ್ದು ನಿಜ. ಹುಡುಗ ಒಬ್ಬನೇ ಗಿಟಾರ್ ಹೊತ್ತುಕೊಂಡು ರೈಲು, ಹಡಗು ಹಿಡಿದು ಲಿವರ್‌ಪೂಲ್‌ಗೆ ವಾಪಸಾದ.

ಮುಂದಿನ ಕೆಲವೇ ವರ್ಷಗಳಲ್ಲಿ ಬೀಟಲ್ಸ್ ಲೋಕಪ್ರಸಿದ್ಧರಾದರು. ಆದರೆ ಹಾಡು ಬರೆಯುವ ಕೆಲಸ ಲೆನನ್-ಮೆಕಾರ್ಟ್ನಿ ಜೋಡಿಯದು. ಜಾರ್ಜ್‌ನ ಮೊದಲ ಹಾಡು 1963ರ ಎರಡನೇ ಆಲ್ಬಮ್‌ನಲ್ಲಿ ಬಂತು. 1964ರ ಎರಡು ಆಲ್ಬಮ್‌ಗಳಲ್ಲಿ ಅವನ ಒಂದು ಹಾಡೂ ಇಲ್ಲ. ಆಮೇಲೂ ಹೆಚ್ಚಾಗಿ ಒಂದು ಆಲ್ಬಮ್‌ಗೆ ಒಂದೋ ಎರಡೋ ಅನ್ನುವ ಪಡಿತರವೇ. ಎಲ್ಲ ಸೇರಿಸಿದರೆ ಬೀಟಲ್ಸ್ ಹೆಸರಲ್ಲಿ ಬಂದ ಅವನ ಹಾಡುಗಳು 22 ಮಾತ್ರ.

1965ರಲ್ಲಿ ಒಂದು ಹಾಡಿಗೆ ಸಿತಾರ್ ಸೇರಿಸಿದ್ದು ಅವನ ಬದುಕನ್ನೇ ತಿರುಗಿಸಿತು. ಮರುವರ್ಷ ಲಂಡನ್ನಿನಲ್ಲಿ ಪಂಡಿತ್ ರವಿಶಂಕರ್ ಅವರ ಭೇಟಿಯಾಯಿತು. ಲೋಕವೆಲ್ಲ ತನ್ನ ಹಿಂದೆ ಓಡುತ್ತಿದ್ದ ಹೊತ್ತಿನಲ್ಲಿ ಜಾರ್ಜ್ ಬಾಂಬೆಗೆ ಬಂದು, ಚಕ್ಕಳಮಕ್ಕಳ ಹಾಕಿ ಕೂತು, ಮೊದಲಿನಿಂದ ಸರಿಗಮ ಕಲಿತ. 1968ರ ಜನವರಿಯಲ್ಲಿ ಮತ್ತೆ ಬಾಂಬೆಗೆ ಬಂದು ಎಚ್‌ಎಂವಿ ಸ್ಟುಡಿಯೋದಲ್ಲಿ ನಮ್ಮ ವಾದಕರ ಜೊತೆ ರೆಕಾರ್ಡ್ ಮಾಡಿದ 'ದಿ ಇನ್ನರ್ ಲೈಟ್', ಬೀಟಲ್ಸ್ ಸಿಂಗಲ್ ಒಂದರಲ್ಲಿ ಬಂದ ಅವನ ಮೊದಲ ಹಾಡು. ಅದೂ ತಟ್ಟೆಯ ಹಿಂಬದಿಯಲ್ಲಿ!

ಇಲ್ಲಿ ರಿಮಾಸ್ಟರ್ ವಿಷಯ ಸ್ವಲ್ಪ ಹೇಳಬೇಕು. ರಿಮಾಸ್ಟರ್ ಅಂದರೆ ಮಾಡಿಟ್ಟ ಸಾರನ್ನು ಬಿಸಿ ಮಾಡಿ ಹೊಸದಾಗಿ ಒಗ್ಗರಣೆ ಹಾಕಿದ ಹಾಗೆ. ಮಿಶ್ರಣ ಹಳೆಯದೇ, ಸದ್ದು ಮಾತ್ರ ಶುಚಿ. 2009ರ ಸೆಪ್ಟೆಂಬರ್‌ನಲ್ಲಿ ಬಂದ ಬೀಟಲ್ಸ್ ಸಿಡಿಗಳು ಈ ಬಗೆಯವು. ರಿಮಿಕ್ಸ್ ಅಂದರೆ ಬೇಳೆ, ತರಕಾರಿ, ಹುಳಿ ಬೇರೆ ಬೇರೆ ಇಟ್ಟುಕೊಂಡು ಮತ್ತೆ ಮೊದಲಿನಿಂದ ಕೂಡಿಸೋದು. 2017ರಿಂದ ಜೈಲ್ಸ್ ಮಾರ್ಟಿನ್ ಮಾಡುತ್ತಾ ಬಂದದ್ದು ಇದನ್ನೇ. ಬೀಟಲ್ಸ್ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಮಗ ಆತ.

1966ರ 'ರಿವಾಲ್ವರ್' ಮಾತ್ರ ಕಷ್ಟದ್ದು. ಆಗ ಇದ್ದದ್ದು ನಾಲ್ಕು ಟ್ರ್ಯಾಕ್‌ಗಳ ಟೇಪು. ಜಾರ್ಜ್‌ನ 'ಟ್ಯಾಕ್ಸ್‌ಮ್ಯಾನ್' ಹಾಡಿನಲ್ಲಿ ಡ್ರಮ್ಸ್, ಬೇಸ್, ಗಿಟಾರ್ ಮೂರೂ ಒಂದೇ ಟ್ರ್ಯಾಕಿನಲ್ಲಿ ಅಂಟಿಕೊಂಡಿದ್ದವು. ಸಾರಿಗೆ ಹಾಕಿದ ಉಪ್ಪನ್ನು ತೆಗೆಯೋದು ಹೇಗೆ? ನಿರ್ದೇಶಕ ಪೀಟರ್ ಜಾಕ್ಸನ್ ಅವರ ತಂಡ ಯಂತ್ರಕಲಿಕೆಯಿಂದ ದನಿಗಳನ್ನು ಬಿಡಿಸುವ ವಿಧಾನ ಕಂಡುಕೊಂಡಿತು. 2022ರ ರಿಮಿಕ್ಸ್ ಸಾಧ್ಯವಾದದ್ದು ಅದರಿಂದಲೇ. ಹಳೆಯ ಸ್ಟೀರಿಯೋದಲ್ಲಿ ಒಂದೇ ಕಿವಿಗೆ ಒತ್ತರಿಸಿದ್ದ ವಾದ್ಯಗಳು ಈಗ ಬಿಡಿಬಿಡಿಯಾಗಿ ಕೇಳಿಸುತ್ತವೆ. 2018ರ 'ವೈಟ್ ಆಲ್ಬಮ್' ಪೆಟ್ಟಿಗೆಯಲ್ಲಿ ಇನ್ನೊಂದು ಸಂಗತಿ ಇದೆ. 1968ರ ಮೇ ತಿಂಗಳಲ್ಲಿ ಎಶರ್‌ನ ಜಾರ್ಜ್ ಮನೆಯಲ್ಲೇ ಎಲ್ಲರೂ ಕೂತು ಹಾಡಿದ ಕಚ್ಚಾ ರೆಕಾರ್ಡಿಂಗ್‌ಗಳು. ಅವುಗಳಲ್ಲಿ ಜಾರ್ಜ್‌ನ 'ನಾಟ್ ಗಿಲ್ಟಿ' ಇದೆ. ಆಮೇಲೆ ಸ್ಟುಡಿಯೋದಲ್ಲಿ ನೂರರವರೆಗೂ ಟೇಕ್ ತೆಗೆದು, ಕೊನೆಗೆ ಆಲ್ಬಮ್‌ನಿಂದಲೇ ಕೈಬಿಟ್ಟ ಹಾಡು ಅದು. ಅದನ್ನು ಅವನು ತನ್ನ ಸ್ವಂತ ಆಲ್ಬಮ್‌ನಲ್ಲಿ ತಂದಿದ್ದು 1979ರಲ್ಲಿ.

1969ರ ಜನವರಿ 10ರಂದು, ಚಿತ್ರೀಕರಣದ ಮಧ್ಯೆಯೇ, ಜಾರ್ಜ್ ತಂಡ ಬಿಟ್ಟು ಎದ್ದು ಹೋದ. ಕೆಲವು ದಿನಗಳ ಮಾತುಕತೆಯ ನಂತರ ವಾಪಸ್ ಬಂದ. ಅದೇ ವರ್ಷದ 'ಅಬ್ಬೆ ರೋಡ್'ನಲ್ಲಿ ಅವನದು ಎರಡೇ ಹಾಡು: 'ಸಮ್‌ಥಿಂಗ್' ಮತ್ತು 'ಹಿಯರ್ ಕಮ್ಸ್ ದ ಸನ್'. ಎರಡನೆಯದನ್ನು ಬರೆದದ್ದು ಕಂಪನಿಯ ಮೀಟಿಂಗ್‌ಗೆ ಚಕ್ಕರ್ ಹಾಕಿ, ಗೆಳೆಯ ಎರಿಕ್ ಕ್ಲಾಪ್ಟನ್ ತೋಟದಲ್ಲಿ ಬಿಸಿಲು ಕಾಯಿಸುತ್ತಾ. ಸ್ಪಾಟಿಫೈನಲ್ಲಿ ಬೀಟಲ್ಸ್ ಹಾಡುಗಳ ಪೈಕಿ ನೂರು ಕೋಟಿ ಸಲದ ಗಡಿಯನ್ನು ಮೊದಲು ದಾಟಿದ್ದು ಇದೇ.

ತಂಡ ಒಡೆದ ಮೇಲೆ ಕಟ್ಟೆ ಒಡೆದ ಹಾಗಾಯಿತು. 1970ರ ನವೆಂಬರ್‌ನಲ್ಲಿ ಮೂರು ತಟ್ಟೆಗಳ 'ಆಲ್ ಥಿಂಗ್ಸ್ ಮಸ್ಟ್ ಪಾಸ್' ಬಂತು. ಅದರಲ್ಲಿ ಎಷ್ಟೋ ಹಾಡುಗಳು ವರ್ಷಗಟ್ಟಲೆ ಪಾಳಿ ಕಾದು ಕೂತಿದ್ದವು. ಅದರ 'ಮೈ ಸ್ವೀಟ್ ಲಾರ್ಡ್' ಅಮೆರಿಕ, ಬ್ರಿಟನ್ ಎರಡರಲ್ಲೂ ಒಂದನೇ ಸ್ಥಾನಕ್ಕೆ ಏರಿತು. ಆದರೆ ಅದರ ಧಾಟಿ ಬೇರೊಂದು ಹಳೆಯ ಹಾಡಿನದು ಅಂತ ಮೊಕದ್ದಮೆ ಬಿತ್ತು. ಗೊತ್ತಿಲ್ಲದೆಯೇ ನಕಲು ಮಾಡಿದ್ದಾನೆ ಅಂತ 1976ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು.

1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರ ಸಂಕಟ ಕಂಡು ರವಿಶಂಕರ್ ನೆರವು ಕೇಳಿದರು. ಕೆಲವೇ ವಾರಗಳಲ್ಲಿ ಜಾರ್ಜ್ ಗೆಳೆಯರನ್ನೆಲ್ಲ ಒಟ್ಟುಗೂಡಿಸಿ, ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎರಡು ಕಛೇರಿ ನಡೆಸಿದ. ಟಿಕೆಟ್‌ನಿಂದ ಬಂದ ಸುಮಾರು 2,43,000 ಡಾಲರ್ ಯುನಿಸೆಫ್‌ಗೆ ಹೋಯಿತು. ಆಲ್ಬಮ್‌ನ ಹಣ ಮಾತ್ರ ತೆರಿಗೆಯ ಗೋಜಲಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಮೊದಲೇ ಕಾಗದ ಪತ್ರ ಸರಿಮಾಡಿಕೊಂಡಿರಲಿಲ್ಲ. ಮನಸ್ಸು ಒಳ್ಳೆಯದಿದ್ದರೆ ಸಾಲದು, ಲೆಕ್ಕವೂ ಬೇಕು ಅನ್ನೋದು ಸಂಘ ನಡೆಸುವ ನಮಗೂ ಪಾಠವೇ.

ಗುರು-ಶಿಷ್ಯರ ನಂಟು ಕೊನೆಯವರೆಗೂ ಉಳಿಯಿತು. ವೇದಮಂತ್ರಗಳ 'ಚಾಂಟ್ಸ್ ಆಫ್ ಇಂಡಿಯಾ' 1997ರಲ್ಲಿ ಬಂತು. ಸಂಗೀತ ರವಿಶಂಕರ್ ಅವರದು, ನಿರ್ಮಾಣ ಜಾರ್ಜ್‌ನದು. ಅದರ ಒಂದು ಭಾಗ ರೆಕಾರ್ಡ್ ಆದದ್ದು ಚೆನ್ನೈಯಲ್ಲಿ. 1999ರ ಡಿಸೆಂಬರ್ ಕೊನೆಯಲ್ಲಿ ಒಬ್ಬ ಮನೆಗೆ ನುಗ್ಗಿ ಜಾರ್ಜ್‌ಗೆ ಚಾಕುವಿನಿಂದ ಇರಿದ. ಹೆಂಡತಿ ಒಲಿವಿಯಾ ಎದುರಿಸಿ ನಿಂತು ಅವನನ್ನು ಉಳಿಸಿಕೊಂಡರು. ಆದರೆ ಕ್ಯಾನ್ಸರ್ ಬಿಡಲಿಲ್ಲ. 2001ರ ನವೆಂಬರ್ 29ರಂದು ಜಾರ್ಜ್ ತೀರಿಕೊಂಡಾಗ ವಯಸ್ಸು 58.

ಅದೇ ವರ್ಷದ ಆರಂಭದಲ್ಲಿ ತನ್ನ 1970ರ ಆಲ್ಬಮ್‌ನ ರಿಮಾಸ್ಟರ್ ಅನ್ನು ಅವನು ಮುಂದೆ ನಿಂತು ತಂದಿದ್ದ. ಅದರ ಸದ್ದಿನಲ್ಲಿ ಪ್ರತಿಧ್ವನಿ ಅತಿಯಾಯಿತು, ಸ್ವಲ್ಪ ತೆಗೆಯಬೇಕಿತ್ತು ಅನ್ನುವ ಕೊರಗು ಅವನಿಗಿತ್ತು. ಮಗ ಧಾನಿ ಅದನ್ನು ಮರೆಯಲಿಲ್ಲ. 2021ರ ಹೊಸ ಮಿಕ್ಸ್‌ನಲ್ಲಿ ಆ ಮಂಜು ತಿಳಿಯಾಗಿ, ಅಪ್ಪನ ದನಿ ಮುಂದೆ ಬಂದಿದೆ. ಆ ಹೆಸರನ್ನೂ ಗಮನಿಸಿ: ಸರಿಗಮಪಧನಿಯ ಕೊನೆಯ ಎರಡು ಸ್ವರ!

ನಮ್ಮ ಕೊನೆಯ ರಾತ್ರಿ ಕೇಳಿದ್ದು 2023ರಲ್ಲಿ ಬಂದ 'ನೌ ಅಂಡ್ ದೆನ್'. ಲೆನನ್ ಹಳೆಯ ಕ್ಯಾಸೆಟ್‌ನ ಹಾಡಿಗೆ 1995ರಲ್ಲಿ ಜಾರ್ಜ್ ಗಿಟಾರ್ ನುಡಿಸಿದ್ದ. ಆಗ ಕ್ಯಾಸೆಟ್ಟಿನ ಗದ್ದಲ ತೆಗೆಯಲಾಗದೆ ಕೆಲಸ ನಿಂತುಹೋಗಿತ್ತು. ಅವನು ಹೋಗಿ 22 ವರ್ಷದ ಮೇಲೆ ಅದು ಹೊರಬಂತು, ಅವನ ಗಿಟಾರ್ ಸಮೇತ. ಯಂತ್ರ ಎಷ್ಟೇ ಚುರುಕಾದರೂ ಟೇಪಿನಲ್ಲಿ ಇಲ್ಲದ್ದನ್ನು ಬಿಡಿಸಿ ಕೊಡಲಾರದು. ಯಾರೂ ಕಿವಿಗೊಡದ ದಿನಗಳಲ್ಲೂ ಅವನು ಸರಿಯಾಗಿ ನುಡಿಸಿಟ್ಟಿದ್ದ, ಅದಕ್ಕೇ ಈಗ ಕೇಳಿಸುತ್ತಿದೆ. ಸೆಮಿನಾರ್ ಕೊಠಡಿಯ ಹಿಂದಿನ ಸಾಲಿನಲ್ಲಿ ಕೂತು ನಮ್ಮ ಪಾಳಿ ಯಾವಾಗ ಅಂತ ಕಾಯುವ ನಮಗೆ ಇದು ಸಣ್ಣ ಸಮಾಧಾನವಲ್ಲ. ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ ನೋಡಿ.