ತಂದೆ ಹುಡುಕಿಸಿದ ಮಗ

 

ಈಗ ಲೂಕನ ಸುವಾರ್ತೆ 15ನೇ ಅಧ್ಯಾಯದಲ್ಲಿ ತಪ್ಪಿಹೋದ ಮಗನ ಸಾಮ್ಯವನ್ನು ಓದಿದೆವು. ಮಗ ಮನೆಗೆ ಬಂದ. ತಂದೆ ಓಡಿಹೋಗಿ ಅಪ್ಪಿಕೊಂಡ. ಹಬ್ಬ ಆಯಿತು. ಆದರೆ ಪ್ರಿಯರೇ, ಮಾರನೇ ದಿನ ಬೆಳಿಗ್ಗೆ ಎದ್ದು ಆ ಮಗ ಏನು ಮಾಡಿದ? ಸಾಮ್ಯದಲ್ಲಿ ಅದು ಇಲ್ಲ. ಅದನ್ನು ಯೋಚಿಸೋದಕ್ಕೆ ಒಬ್ಬ ಮನುಷ್ಯನ ಜೀವಿತವನ್ನು ನಿಮ್ಮ ಮುಂದೆ ಇಡ್ತೀನಿ. ಅಮೇಜಿಂಗ್ ಗ್ರೇಸ್ ಹಾಡು ಬರೆದ ಜಾನ್ ನ್ಯೂಟನ್.

1725ರಲ್ಲಿ ಲಂಡನ್‌ನಲ್ಲಿ ಹುಟ್ಟಿದ. ತಾಯಿ ಪ್ರಾರ್ಥನೆಯ ಸ್ತ್ರೀ, ಚಿಕ್ಕಂದಿನಲ್ಲೇ ವಾಕ್ಯ ಕಲಿಸಿದಳು. ಅವನಿಗೆ ಏಳು ವರ್ಷ ತುಂಬುವ ಮೊದಲೇ ಕ್ಷಯರೋಗದಿಂದ ತೀರಿಹೋದಳು. ತಂದೆ ಹಡಗಿನ ಕ್ಯಾಪ್ಟನ್, ಬಹಳ ಕಟ್ಟುನಿಟ್ಟು. ಮಗನ ಮೇಲೆ ಪ್ರೀತಿ ಇತ್ತು, ಅದನ್ನು ತೋರಿಸೋ ಅಭ್ಯಾಸ ಮಾತ್ರ ಇರಲಿಲ್ಲ. ನಮ್ಮ ಮನೆಗಳಲ್ಲೂ ಇಂಥ ಅಪ್ಪಂದಿರು ಇದ್ದಾರೆ, ಅಲ್ವಾ?

ಹನ್ನೊಂದನೇ ವಯಸ್ಸಿಗೆ ಹುಡುಗ ತಂದೆಯ ಜೊತೆ ಸಮುದ್ರಕ್ಕೆ ಇಳಿದ. ತಂದೆ ಒಳ್ಳೇ ಕೆಲಸ ಹುಡುಕಿಕೊಟ್ಟರೆ ಅದನ್ನು ಕಳೆದುಕೊಂಡ. 1744ರಲ್ಲಿ ಅವನನ್ನು ಬಲವಂತವಾಗಿ ಯುದ್ಧದ ಹಡಗಿಗೆ ಹಿಡಿದುಹಾಕಿದರು. ಅಲ್ಲಿಂದ ಓಡಿಹೋದ, ಸಿಕ್ಕಿಬಿದ್ದ, ಚಾಟಿಯೇಟು ತಿಂದ. ದೇವರನ್ನೇ ಹಾಸ್ಯ ಮಾಡಿದ. ಕೊನೆಗೆ ಪಶ್ಚಿಮ ಆಫ್ರಿಕದ ದಡದಲ್ಲಿ, ಗುಲಾಮರ ವ್ಯಾಪಾರಿಯೊಬ್ಬನ ಹತ್ತಿರ, ಹೊಟ್ಟೆಗಿಲ್ಲದೆ, ಮೈಮೇಲೆ ಬಟ್ಟೆಯಿಲ್ಲದೆ ಬಿದ್ದಿದ್ದ. ಹಂದಿಗಳ ಮಧ್ಯೆ ಕೂತಿದ್ದ ಆ ಮಗನ ಹಾಗೆಯೇ!

ಆದರೆ ತಂದೆ ಸುಮ್ಮನೆ ಕೂತಿರಲಿಲ್ಲ. ಲಿವರ್‌ಪೂಲಿನ ವರ್ತಕ ಗೆಳೆಯನಿಗೆ ಹೇಳಿ ಮಗನನ್ನು ಹುಡುಕಿಸಿದ. ಆ ಗೆಳೆಯನ ಹಡಗಿನ ಕ್ಯಾಪ್ಟನ್ ಅಷ್ಟು ದೂರದ ದಡದಲ್ಲಿ ಅವನನ್ನು ಕಂಡುಹಿಡಿದ. ಹಲ್ಲೆಲೂಯಾ!

ವಾಪಸು ಬರುವಾಗ, 1748ರ ಮಾರ್ಚ್‌ನಲ್ಲಿ, ಬಿರುಗಾಳಿ. ಹಡಗಿಗೆ ನೀರು ನುಗ್ಗಿತು. ನೀರೆತ್ತಿ ನೀರೆತ್ತಿ ಸಾಕಾದಾಗ ಅವನ ಬಾಯಿಂದ ದೇವರ ಕರುಣೆ ಎಂಬ ಮಾತು ಬಂತು. ತಾಯಿ ಬಿತ್ತಿದ ಬೀಜ ಅಲ್ಲಿ ಮೊಳೆಯಿತು. ಏಪ್ರಿಲ್‌ನಲ್ಲಿ ಐರ್ಲೆಂಡ್ ಮುಟ್ಟಿದ. ತಂದೆಗೆ ಪತ್ರ ಬರೆದು ಕ್ಷಮೆ ಕೇಳಿದ. ತಂದೆ ಪ್ರೀತಿಯಿಂದ ಕ್ಷಮಿಸಿದ. ಮಗ ಪ್ರೀತಿಸಿದ ಮೇರಿಯ ಮನೆಗೆ ಹೋಗಿ ಮದುವೆಗೆ ಒಪ್ಪಿಗೆಯನ್ನೂ ಕೊಟ್ಟ.

ಆದರೆ ಮಗ ಬಂದು ಮುಟ್ಟುವುದರೊಳಗೆ ತಂದೆಯ ಹಡಗು ಹೊರಟಾಗಿತ್ತು. ಉತ್ತರ ಅಮೆರಿಕದ ಹಡ್ಸನ್ ಕೊಲ್ಲಿಯ ಯಾರ್ಕ್ ಕೋಟೆಗೆ ಅಧಿಕಾರಿಯಾಗಿ ಹೋದ ತಂದೆ 1750ರಲ್ಲಿ ಅಲ್ಲೇ ನೀರಿನಲ್ಲಿ ಮುಳುಗಿ ಸತ್ತ. ಕ್ಷಮೆ ಸಿಕ್ಕಿತು, ಮುಖ ನೋಡೋಕೆ ಆಗಲಿಲ್ಲ.

ಈಗ ಮಾರನೇ ದಿನದ ವಿಷಯಕ್ಕೆ ಬರ್ತೀನಿ. ಕೃಪೆ ಹೊಂದಿದ ಈ ಮಗ ಏನು ಮಾಡಿದ? ಗುಲಾಮರ ಹಡಗಿಗೇ ಹೋದ. 1750ರಿಂದ 1754ರವರೆಗೆ ಮೂರು ಸಲ ಕ್ಯಾಪ್ಟನ್ ಆಗಿ ಪ್ರಯಾಣ ಮಾಡಿದ. ಮೇಲೆ ಕ್ಯಾಪ್ಟನ್ ಸತ್ಯವೇದ ಓದುತ್ತಿದ್ದ. ಕೆಳಗೆ ಗಂಡಸರನ್ನು ಇಬ್ಬಿಬ್ಬರಾಗಿ ಸರಪಳಿಗೆ ಕಟ್ಟಿ ಮಲಗಿಸಿದ್ದರು. ದೇವಜನರೇ, ಗಮನಿಸಿ. ಯಾವ ಮಗನನ್ನು ಅವನ ತಂದೆ ಸಮುದ್ರದ ಆಚೆಯಿಂದ ಹುಡುಕಿಸಿ ತರಿಸಿದನೋ, ಅದೇ ಮಗ ಬೇರೆ ತಂದೆಗಳ ಮಕ್ಕಳನ್ನು ಸಮುದ್ರದ ಆಚೆ ಒಯ್ದು ಮಾರಿದ. ಆ ತಂದೆಗಳು ಯಾರಿಗೆ ಹೇಳಿ ಹುಡುಕಿಸಬೇಕು?

ಆ ಕೆಲಸ ಬಿಟ್ಟದ್ದು ಕೂಡ ಮನಸ್ಸಾಕ್ಷಿಯಿಂದ ಅಲ್ಲ, ಕಾಯಿಲೆಯಿಂದ. 1764ರಲ್ಲಿ ಓಲ್ನಿ ಊರಿನ ಸಭೆಗೆ ಸೇವಕರಾದರು. ಅಲ್ಲೇ ಆ ಹಾಡು ಬರೆದರು. ಆಗಲೂ ಗುಲಾಮಗಿರಿಯ ವಿಷಯ ಬಹಿರಂಗವಾಗಿ ಬಾಯಿ ಬಿಡಲಿಲ್ಲ. ಹಡಗು ಬಿಟ್ಟು 34 ವರ್ಷಗಳಾದ ಮೇಲೆ, 1788ರಲ್ಲಿ, ತಾವು ಮಾಡಿದ್ದನ್ನು ಪುಸ್ತಕವಾಗಿ ಅಚ್ಚು ಹಾಕಿಸಿ ನಾಚಿಕೆಯಿಂದ ಒಪ್ಪಿಕೊಂಡರು. ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದರು. ವಿಲ್ಬರ್‌ಫೋರ್ಸ್ ಎಂಬ ಯುವಕ ರಾಜಕೀಯ ಬಿಡಬೇಕೆಂದು ಬಂದಾಗ, ಅಲ್ಲೇ ಇದ್ದು ದೇವರ ಸೇವೆ ಮಾಡು ಎಂದು ಧೈರ್ಯ ಕೊಟ್ಟವರೂ ಇವರೇ. 1807ರ ಮಾರ್ಚ್‌ನಲ್ಲಿ ಆ ವ್ಯಾಪಾರ ನಿಲ್ಲಿಸುವ ಕಾನೂನು ಬಂತು. ಅದೇ ಡಿಸೆಂಬರ್‌ನಲ್ಲಿ, 82ನೇ ವಯಸ್ಸಿನಲ್ಲಿ, ನ್ಯೂಟನ್ ಕರ್ತನಲ್ಲಿ ನಿದ್ರೆಹೋದರು.

ಪ್ರಿಯರೇ, ಪಾಪಕ್ಷಮೆ ಒಂದೇ ಕ್ಷಣದಲ್ಲಿ ಸಿಗುತ್ತೆ, ಆಮೆನ್. ಆದರೆ ಮಾನಸಾಂತರ ನಮ್ಮ ಸಂಪಾದನೆಯನ್ನೂ ಮುಟ್ಟಬೇಕು. ಜಕ್ಕಾಯನು ಯೇಸುವನ್ನು ಮನೆಗೆ ಸೇರಿಸಿಕೊಂಡ ದಿನವೇ ಮೋಸದ ಹಣ ನಾಲ್ಕರಷ್ಟು ಹಿಂದೆ ಕೊಡ್ತೀನಿ ಅಂದ. 34 ವರ್ಷ ಕಾಯಲಿಲ್ಲ.

ನೀವು ಯಾರ ಪಾಲಿನ ಜಮೀನು ಇಟ್ಟುಕೊಂಡಿದ್ದೀರಿ? ಯಾವ ಅಣ್ಣತಮ್ಮನ ಜೊತೆ ಮಾತು ಬಿಟ್ಟಿದ್ದೀರಿ? ಊರಲ್ಲಿ ಅಪ್ಪ ನಿಮ್ಮ ಫೋನಿಗೆ ಕಾಯುತ್ತಿದ್ದಾರಾ? ಹಡಗು ಹೊರಡುವ ಮೊದಲು ಹೋಗಿ. ಆರಾಧನೆ ಮುಗಿಸಿ ಮನೆಗೆ ಹೋದ ಮೇಲೆ ಅಲ್ಲ, ಗೇಟಿನ ಹತ್ತಿರ ನಿಂತೇ ಫೋನ್ ಮಾಡಿ.

ಎಲ್ಲರೂ ತಲೆ ಬಾಗಿಸೋಣ. ಪರಲೋಕದ ತಂದೆಯೇ, ನಮ್ಮನ್ನು ಹುಡುಕಿ ತಂದಿದ್ದೀಯ, ಸ್ತೋತ್ರ. ನಾವು ನೋಯಿಸಿದವರ ಬಾಗಿಲಿಗೆ ಹೋಗುವ ಬಲವನ್ನು ನಿನ್ನ ಪವಿತ್ರಾತ್ಮನಿಂದ ಈ ದಿನವೇ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.