ಎಂಟು ಮಕ್ಕಳೊಂದಿಗೆ ಆರಂಭವಾದ ಶಾಲೆ: ಬೇಗಂ ರೊಕೆಯಾ

ಬಂಗಾಳದ ಮುಸ್ಲಿಂ ಹೆಣ್ಣುಮಕ್ಕಳಿಗೆ ಅಕ್ಷರದ ಬಾಗಿಲು ತೆರೆದವರಲ್ಲಿ ಬೇಗಂ ರೊಕೆಯಾ ಸಖಾವತ್ ಹುಸೇನ್ ಅವರ ಹೆಸರು ಚಿರಸ್ಮರಣೀಯವಾದುದು. ಸ್ವತಃ ಶಾಲೆಯ ಮೆಟ್ಟಿಲು ಹತ್ತದ ಈ ಮಹಿಳೆ ನೂರಾರು ಮಕ್ಕಳನ್ನು ಶಾಲೆಗೆ ಕರೆತಂದರು.

ಅವರು 1880ರಲ್ಲಿ ಈಗಿನ ಬಾಂಗ್ಲಾದೇಶದ ರಂಗಪುರದ ಪೈರಾಬಂದ್ ಗ್ರಾಮದ ಜಮೀನ್ದಾರಿ ಕುಟುಂಬದಲ್ಲಿ ಜನಿಸಿದರು. ಆ ಮನೆಯ ಹೆಣ್ಣುಮಕ್ಕಳಿಗೆ ಕುರ್‌ಆನ್ ಪಾರಾಯಣ ಮತ್ತು ಉರ್ದು ಸಾಕೆಂಬ ಭಾವನೆಯಿತ್ತು. ನಾಡಿನ ಭಾಷೆಯಾದ ಬಂಗಾಳಿ ಹಾಗೂ ಇಂಗ್ಲಿಷ್ ಅವರಿಗೆ ನಿಷಿದ್ಧವಾಗಿದ್ದವು. ಮನೆಮಂದಿ ಮಲಗಿದ ಮೇಲೆ ಅಣ್ಣ ಇಬ್ರಾಹಿಂ ರಾತ್ರಿ ದೀಪದ ಬೆಳಕಿನಲ್ಲಿ ತಂಗಿಗೆ ಪಾಠ ಹೇಳಿಕೊಟ್ಟರು. ಅಕ್ಕ ಕರೀಮುನ್ನಿಸಾ ಬಂಗಾಳಿ ಓದಲು ಪ್ರೋತ್ಸಾಹಿಸಿದರು.

ಪತಿ ಸೈಯದ್ ಸಖಾವತ್ ಹುಸೇನ್ ಭಾಗಲ್‌ಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದರು. ಪತ್ನಿಯ ಓದು ಬರಹಕ್ಕೆ ಬೆಂಬಲವಾಗಿ ನಿಂತ ಅವರು ಹೆಣ್ಣುಮಕ್ಕಳ ಶಾಲೆಗೆಂದು ಹತ್ತು ಸಾವಿರ ರೂಪಾಯಿಗಳನ್ನು ಮೀಸಲಿಟ್ಟರು. ಇಬ್ಬರು ಹೆಣ್ಣುಮಕ್ಕಳು ಶೈಶವದಲ್ಲೇ ತೀರಿಕೊಂಡಿದ್ದರು. 1909ರ ಮೇ ತಿಂಗಳಲ್ಲಿ ಪತಿಯೂ ನಿಧನರಾದರು. ಅದೇ ವರ್ಷ ಅಕ್ಟೋಬರಿನಲ್ಲಿ ರೊಕೆಯಾ ಭಾಗಲ್‌ಪುರದಲ್ಲಿ ಐದು ಬಾಲಕಿಯರೊಂದಿಗೆ ಶಾಲೆ ತೆರೆದರು. ಕೌಟುಂಬಿಕ ಕಾರಣಗಳಿಂದ ಆ ಊರು ಬಿಡಬೇಕಾಗಿ ಬಂದಾಗ ಎದೆಗುಂದದೆ ಕಲ್ಕತ್ತೆಗೆ ಬಂದು, 1911ರ ಮಾರ್ಚ್ 16ರಂದು ಎಂಟು ಮಕ್ಕಳೊಂದಿಗೆ ಸಖಾವತ್ ಸ್ಮಾರಕ ಶಾಲೆಯನ್ನು ಮತ್ತೆ ಆರಂಭಿಸಿದರು.

ತರಗತಿ ನಡೆಸುವ ಅನುಭವ ಅವರಿಗಿರಲಿಲ್ಲ. ಹಾಗೆಂದು ಸಂಕೋಚಪಡದೆ ನಗರದ ಹಿಂದೂ ಮತ್ತು ಬ್ರಹ್ಮಸಮಾಜದ ಬಾಲಿಕಾ ಶಾಲೆಗಳಿಗೆ ಹೋಗಿ ಪಾಠಕ್ರಮವನ್ನು ಕಣ್ಣಾರೆ ನೋಡಿ ಕಲಿತರು. ಮನೆಮನೆಗೆ ಹೋಗಿ ತಂದೆ ತಾಯಂದಿರ ಮನವೊಲಿಸಿದರು. ಕುರ್‌ಆನ್, ಭಾಷೆಗಳ ಜತೆಗೆ ಹೊಲಿಗೆ, ಅಡುಗೆ, ಪ್ರಥಮ ಚಿಕಿತ್ಸೆ, ವ್ಯಾಯಾಮಗಳನ್ನೂ ಕಲಿಸಿದರು. ಮನೆಯ ಗೋಡೆಗಳೊಳಗೇ ಬೆಳೆದ ಮಕ್ಕಳು ಒಂದೇ ಕೋಣೆಯಲ್ಲಿ ಕೂಡಿ ಕುಳಿತು ಓದತೊಡಗಿದರು. 1915ರ ವೇಳೆಗೆ ಅವರ ಸಂಖ್ಯೆ 84ಕ್ಕೇರಿತು.

ಮಕ್ಕಳನ್ನು ಶಾಲೆಗೆ ಕರೆತರುವುದೇ ದೊಡ್ಡ ಸವಾಲಾಗಿತ್ತು. ಪರ್ದಾಕ್ಕಾಗಿ ಶಾಲೆಯ ಮೋಟಾರು ಬಸ್ಸನ್ನು ಎಲ್ಲ ಕಡೆ ಮುಚ್ಚಲಾಗಿತ್ತು. ಒಳಗಿನ ಕತ್ತಲೆ, ಸೆಕೆಗೆ ಪುಟ್ಟ ಮಕ್ಕಳು ಅತ್ತು, ವಾಂತಿ ಮಾಡಿ, ಮೂರ್ಛೆ ಹೋದರು. ಗಾಳಿ ಬರಲೆಂದು ಪರದೆ ಹಾಕಿಸಿದರೆ, ಪರದೆ ಹಾರುತ್ತದೆ, ಪರ್ದಾ ಕೆಡುತ್ತದೆ ಎಂದು ಬೆದರಿಕೆಯ ಪತ್ರಗಳು ಬಂದವು. ಎರಡೂ ಕಡೆಯ ದೂರುಗಳ ನಡುವೆ ರೊಕೆಯಾ ಶಾಲೆಯನ್ನು ಮುಚ್ಚಲಿಲ್ಲ. ತಾವೂ ಪರ್ದಾ ಪಾಲಿಸುತ್ತಲೇ, ಧರ್ಮದ ಹೆಸರಿನಲ್ಲಿ ಮಕ್ಕಳ ಉಸಿರು ಕಟ್ಟಿಸುವುದನ್ನು ತಮ್ಮ ಬರಹಗಳಲ್ಲಿ ನಿರ್ಭೀತಿಯಿಂದ ಖಂಡಿಸಿದರು.

1916ರಲ್ಲಿ ಅವರು ಸ್ಥಾಪಿಸಿದ ಅಂಜುಮನೆ ಖವಾತೀನೆ ಇಸ್ಲಾಂ ಕೊಳೆಗೇರಿಗಳ ಬಡ ಮಹಿಳೆಯರಿಗೂ ಅಕ್ಷರ ಕಲಿಸಿತು. 1932ರ ಡಿಸೆಂಬರ್ 9ರಂದು ಅವರು ನಿಧನರಾದಾಗ, ಸ್ತ್ರೀಯರ ಹಕ್ಕುಗಳ ಕುರಿತ ಅಪೂರ್ಣ ಲೇಖನವೊಂದು ಮೇಜಿನ ಮೇಲಿತ್ತು. ಅವರ ಶಾಲೆ ಕೋಲ್ಕತ್ತದಲ್ಲಿ ಇಂದಿಗೂ ನಡೆಯುತ್ತಿದೆ.

ಮನೆಯಲ್ಲಿ ಉರ್ದು ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ ಎಂಬ ಸ್ಥಿತಿ ನಮ್ಮ ಅನೇಕ ಮಕ್ಕಳದ್ದು. ಮನೆಯ ಭಾಷೆಯ ಜತೆ ನಾಡಿನ ಭಾಷೆಯೂ ಬೇಕೆಂದು ರೊಕೆಯಾ ಜೀವನವಿಡೀ ವಾದಿಸಿದರು. ಮೊದಲ ದಿನ ತರಗತಿಯ ಮೂಲೆಯಲ್ಲಿ ಮೌನವಾಗಿ ಕುಳಿತ ಮಗುವಿನ ಅಂಜಿಕೆಯನ್ನು ನೀಗಿಸಿ, ಇತರರ ಜತೆ ಕೂರಿಸಿ ಓದಿಸುವ ಪ್ರತಿಯೊಬ್ಬ ಶಿಕ್ಷಕರೂ ಅವರ ಕೆಲಸವನ್ನೇ ಮುಂದುವರಿಸುತ್ತಿದ್ದಾರೆ. ಅಲ್ಲಾಹನು ಆ ಮಹಾತಾಯಿಯ ಸೇವೆಯನ್ನು ಸ್ವೀಕರಿಸಲಿ.