ಮರೆಯಾದ ಭಾಗಗಳನ್ನು ಕಾಗದದ ಮೇಲೆ ತೋರಿಸಿದ ಗ್ಯಾಸ್ಪರ್ ಮಾಂಜ್

ಮಕ್ಕಳೇ, ವಿಜಯಪುರದ ಗಾಂಧಿ ಚೌಕದಲ್ಲಿ ಒಂದು ಬಸ್ಸು ಬಂದು ನಿಂತಿದೆ ಎಂದುಕೊಳ್ಳಿ. ರಸ್ತೆಯ ಬದಿಯಲ್ಲಿ ನಿಂತವರಿಗೆ ಅದರ ಗಾಲಿ, ಕಿಟಕಿ, ಬಾಗಿಲು ಕಾಣುತ್ತವೆ. ಮಾಳಿಗೆಯ ಮೇಲೆ ನಿಂತವರಿಗೆ ಅದರ ಛಾವಣಿ ಕಾಣುತ್ತದೆ. ಎಂಜಿನ್ನಿನ ಒಳಗಿರುವ ಪಿಸ್ಟನ್ ಇಬ್ಬರಿಗೂ ಕಾಣುವುದಿಲ್ಲ. ಆದರೆ ಬಸ್ಸನ್ನು ತಯಾರಿಸುವವರಿಗೆ ಆ ಪಿಸ್ಟನ್ ಎಲ್ಲಿದೆ, ಎಷ್ಟು ದಪ್ಪವಿದೆ ಎಂಬುದು ಸರಿಯಾಗಿ ಗೊತ್ತಿರಲೇಬೇಕು. ಕಣ್ಣಿಗೆ ಮರೆಯಾದ ಭಾಗವನ್ನೂ ಅಳತೆ ತಪ್ಪದಂತೆ ಕಾಗದದ ಮೇಲೆ ತೋರಿಸುವ ವಿದ್ಯೆಗೆ ಭದ್ರ ಬುನಾದಿ ಹಾಕಿದವರು ಫ್ರಾನ್ಸ್ ದೇಶದ ಗಣಿತಜ್ಞ ಗ್ಯಾಸ್ಪರ್ ಮಾಂಜ್.

ಮಾಂಜ್ ಹುಟ್ಟಿದ್ದು 1746ರ ಮೇ 9ರಂದು, ಬೋನ್ ಎಂಬ ಊರಿನಲ್ಲಿ. ತಂದೆ ಊರೂರು ತಿರುಗಿ ಸಣ್ಣ ವ್ಯಾಪಾರ ಮಾಡುತ್ತ, ಚಾಕು ಚೂರಿಗಳಿಗೆ ಸಾಣೆ ಹಿಡಿಯುತ್ತಿದ್ದರು. ಬಡತನವಿದ್ದರೂ ಮಕ್ಕಳನ್ನು ಚೆನ್ನಾಗಿ ಓದಿಸಿದರು. 1764ರಲ್ಲಿ ಹದಿನೆಂಟು ವರ್ಷದ ಮಾಂಜ್ ತಮ್ಮ ಊರಿನ ದೊಡ್ಡ ನಕ್ಷೆಯೊಂದನ್ನು ತಯಾರಿಸಿದರು. ಅಳೆಯಲು ಬೇಕಾದ ಉಪಕರಣಗಳನ್ನೂ ತಾವೇ ಮಾಡಿಕೊಂಡಿದ್ದರು.

ಆ ನಕ್ಷೆಯಿಂದಾಗಿ ಅವರಿಗೆ ಮೆಜಿಯರ್ ಎಂಬ ಊರಿನ ಸೈನಿಕ ಎಂಜಿನಿಯರಿಂಗ್ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆದರೆ ಅಧಿಕಾರಿಗಳಾಗಲು ಅಲ್ಲಿ ಓದುತ್ತಿದ್ದವರು ದೊಡ್ಡ ಮನೆತನದ ಮಕ್ಕಳು. ಸಾಣೆ ಹಿಡಿಯುವವರ ಮಗನಿಗೆ ಆ ತರಗತಿಯಲ್ಲಿ ಜಾಗವಿರಲಿಲ್ಲ. ಮಾಂಜ್ ನಕ್ಷೆ ಬರೆಯುವ ಸಾಮಾನ್ಯ ನೌಕರರಾಗಿ ಸೇರಿದರು.

ಸುಮಾರು ಒಂದು ವರ್ಷದ ನಂತರ ಅವರಿಗೆ ಒಂದು ಕಠಿಣ ಲೆಕ್ಕ ಬಂತು. ನಮ್ಮ ಉಪ್ಪಲಿ ಬುರುಜಿನಂತಹ ಎತ್ತರದ ಸ್ಥಳದಲ್ಲಿ ನಿಂತವರಿಗೆ ಸುತ್ತಲಿನ ತಗ್ಗು ಗೋಡೆಗಳ ಒಳಗೇನಿದೆ ಎಂಬುದು ಕಾಣುತ್ತದಲ್ಲವೇ? ಹಾಗೆಯೇ ಗುಡ್ಡದ ಮೇಲೆ ನಿಂತ ಶತ್ರುವಿಗೆ ಕೋಟೆಯ ಒಳಗಿನ ಸೈನಿಕರು ಕಾಣಬಾರದು. ಅದಕ್ಕೆ ಗೋಡೆ ಎಷ್ಟು ಎತ್ತರವಿರಬೇಕು? ಆಗ ಇದಕ್ಕೆ ಬಹಳ ದೀರ್ಘವಾದ ಲೆಕ್ಕಗಳನ್ನು ಮಾಡಬೇಕಿತ್ತು. ಮಾಂಜ್ ಗೆರೆಗಳ ಸಹಾಯದಿಂದಲೇ ಬೇಗನೆ ಉತ್ತರ ತಂದರು. ಇಷ್ಟು ಬೇಗ ಮುಗಿಯಲು ಸಾಧ್ಯವೇ ಇಲ್ಲವೆಂದು ಅಧಿಕಾರಿ ಮೊದಲು ಅದನ್ನು ನೋಡಲೂ ಒಪ್ಪಲಿಲ್ಲ. ಕೊನೆಗೆ ಪರೀಕ್ಷಿಸಿದಾಗ ಉತ್ತರ ಸರಿಯಾಗಿತ್ತು.

ಅವರ ವಿಧಾನವೇನು? ಕೋಣೆಯಲ್ಲಿ ಒಂದು ವಸ್ತು ತೂಗುತ್ತಿದೆ ಎಂದುಕೊಳ್ಳಿ. ಅದರ ಪ್ರತಿಯೊಂದು ಬಿಂದುವಿನಿಂದ ಕೆಳಗೆ ನೆಲಕ್ಕೆ ಒಂದು ನೇರ ಗೆರೆ, ಹಿಂದಿನ ಗೋಡೆಗೆ ಒಂದು ನೇರ ಗೆರೆ ಎಳೆಯಬೇಕು. ನೆಲದ ಮೇಲೆ ಮೂಡುವುದು ಮೇಲಿನ ನೋಟ. ಗೋಡೆಯ ಮೇಲೆ ಮೂಡುವುದು ಮುಂಭಾಗದ ನೋಟ. ನೆಲದ ಚಿತ್ರದಿಂದ ಉದ್ದ ಮತ್ತು ಅಗಲ ತಿಳಿಯುತ್ತವೆ. ಎತ್ತರ ಗೋಡೆಯ ಚಿತ್ರದಿಂದ ತಿಳಿಯುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ಯಾವ ಬಿಂದುವೂ ಕಳೆದುಹೋಗುವುದಿಲ್ಲ.

ಗೋಳಗುಮ್ಮಟವನ್ನೇ ನೋಡಿ. ಹೊರಗಿನಿಂದ ದೊಡ್ಡ ಗುಮ್ಮಟ ಮತ್ತು ಮೂಲೆಯ ಗೋಪುರಗಳು ಕಾಣುತ್ತವೆ. ಗುಮ್ಮಟದ ಭಾರ ಹೊರಲು ನೆರವಾಗುವ ಒಳಗಿನ ಕಮಾನುಗಳು ಮಾತ್ರ ಕಾಣುವುದಿಲ್ಲ. ಮೇಲಿನಿಂದ ನೋಡಿದಂತೆ ಒಳಭಾಗದ ನಕ್ಷೆ ಬರೆದರೆ, ಎರಡು ಚೌಕಗಳನ್ನು ಒಂದರ ಮೇಲೊಂದು ತಿರುಗಿಸಿ ಇಟ್ಟಂತೆ ಆ ಕಮಾನುಗಳು ಒಂದನ್ನೊಂದು ಹಾಯ್ದಿರುವುದು ತಿಳಿಯುತ್ತದೆ. ಇಂತಹ ಮರೆಯಾದ ಅಂಚುಗಳನ್ನು ಎಂಜಿನಿಯರುಗಳು ತುಂಡು ತುಂಡು ಗೆರೆಗಳಿಂದ ತೋರಿಸುತ್ತಾರೆ.

ಮಾಂಜ್ ಅದೇ ಶಾಲೆಯಲ್ಲಿ ಗಣಿತದ ಶಿಕ್ಷಕರಾದರು. ಆದರೆ ಅವರ ವಿಧಾನ ಸೈನ್ಯದ ಗುಟ್ಟಾಯಿತು. ಅದನ್ನು ಹೊರಗಿನವರಿಗೆ ಕಲಿಸಲು ಅನುಮತಿ ಇರಲಿಲ್ಲ. ಬಡಗಿಗೆ, ಕಲ್ಲುಕುಟಿಗನಿಗೆ, ಯಂತ್ರ ಮಾಡುವವನಿಗೆ ಉಪಯೋಗವಾಗಬೇಕಿದ್ದ ವಿದ್ಯೆ ಹೀಗೆ ಸುಮಾರು 30 ವರ್ಷ ಮರೆಯಲ್ಲೇ ಉಳಿಯಿತು.

1789ರಲ್ಲಿ ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. 1794ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪನೆಯಾದ ಪಾಲಿಟೆಕ್ನಿಕ್ ಶಾಲೆಯನ್ನು ಕಟ್ಟುವಲ್ಲಿ ಮಾಂಜ್ ಮುಖ್ಯ ಪಾತ್ರ ವಹಿಸಿದರು. 1795ರಲ್ಲಿ, ಶಿಕ್ಷಕರಾಗಲು ದೇಶದ ಎಲ್ಲೆಡೆಯಿಂದ ಬಂದಿದ್ದವರಿಗೆ ತಮ್ಮ ವಿಧಾನವನ್ನು ಬಹಿರಂಗವಾಗಿ ಕಲಿಸಿದರು. 1799ರಲ್ಲಿ ಅದು ಪುಸ್ತಕವಾಯಿತು. ಇದೇ ವಿವರಣಾತ್ಮಕ ರೇಖಾಗಣಿತ.

1798ರಲ್ಲಿ ಮಾಂಜ್ ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋದರು. ಅಲ್ಲಿನ ಮರಳುಗಾಡಿನಲ್ಲಿ ಕಂಡ ಮರೀಚಿಕೆಗೆ ಕಾರಣವನ್ನು ವಿವರಿಸಿದರು. ನೆಪೋಲಿಯನ್ ಪತನವಾದ ಮೇಲೆ, 1816ರಲ್ಲಿ ಹೊಸ ಸರ್ಕಾರ ಅವರನ್ನು ವಿಜ್ಞಾನ ಸಂಸ್ಥೆಯಿಂದ ಹೊರಹಾಕಿತು. 1818ರ ಜುಲೈ 28ರಂದು ಅವರು ತೀರಿಕೊಂಡರು. ಅಂತ್ಯಕ್ರಿಯೆಗೆ ಹೋಗಲು ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಅನುಮತಿ ಸಿಗಲಿಲ್ಲ. ಮರುದಿನ ಅವರೆಲ್ಲ ಗುರುಗಳ ಸಮಾಧಿಗೆ ಹೋಗಿ ಗೌರವ ಸಲ್ಲಿಸಿದರು.

ಇಂದು ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಯಾವ ಗೆರೆ ಮರೆಯಾಗಿದೆ ಎಂದು ಕಂಪ್ಯೂಟರೇ ಕಂಡುಹಿಡಿಯುವ ವಿಧಾನವನ್ನು 1963ರಲ್ಲಿ ಅಮೆರಿಕದ ಲಾರೆನ್ಸ್ ರಾಬರ್ಟ್ಸ್ ರೂಪಿಸಿದರು. 1994ರಲ್ಲಿ ಮೊದಲು ಹಾರಿದ ಬೋಯಿಂಗ್ 777 ವಿಮಾನವನ್ನು ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ವಿನ್ಯಾಸ ಮಾಡಲಾಯಿತು. ಅದರಲ್ಲಿ ಬೋಲ್ಟು, ರಿವೆಟ್ಟುಗಳೂ ಸೇರಿ ಸುಮಾರು 30 ಲಕ್ಷ ಬಿಡಿಭಾಗಗಳಿವೆ! ಇಷ್ಟರ ನಡುವೆ ಒಳಗಿರುವ ಒಂದು ಸಣ್ಣ ಭಾಗವನ್ನು ಹುಡುಕುವುದು ಹೇಗೆ? ಹೊರಗಿನ ಭಾಗಗಳನ್ನು ಗಾಜಿನಂತೆ ಪಾರದರ್ಶಕ ಮಾಡಬಹುದು. ಪಪ್ಪಾಯಿಯನ್ನು ಹೆಚ್ಚಿದಂತೆ ಇಡೀ ಯಂತ್ರವನ್ನು ಪರದೆಯ ಮೇಲೆ ಸೀಳಿ ನೋಡಬಹುದು. ಪಟ್ಟಿಯಲ್ಲಿರುವ ಹೆಸರನ್ನು ಆರಿಸಿದರೆ ಆ ಭಾಗ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಎರಡು ಭಾಗಗಳು ಒಂದೇ ಜಾಗದಲ್ಲಿ ಬಂದು ತಾಗುತ್ತಿದ್ದರೆ ಅದೂ ತಿಳಿಯುತ್ತದೆ. ಆ ತಪ್ಪು ಪರದೆಯ ಮೇಲೆ ಸಿಕ್ಕದಿದ್ದರೆ, ಕಾರ್ಖಾನೆಯಲ್ಲಿ ಲೋಹವನ್ನು ಕತ್ತರಿಸಿ ಜೋಡಿಸುವಾಗ ಸಿಗುತ್ತದೆ. ಆಗ ನಷ್ಟ ದೊಡ್ಡದು. ಕಂಪ್ಯೂಟರ್ ಕೂಡ ಪ್ರತಿ ಬಿಂದುವಿಗೂ ಮೂರು ಅಳತೆಗಳನ್ನು ನೆನಪಿಟ್ಟುಕೊಳ್ಳುತ್ತದೆ. ಮಾಂಜ್ ಅವರ ಎರಡು ನೋಟಗಳಲ್ಲಿ ಇದ್ದದ್ದೂ ಇವೇ ಮೂರು.

ನೀವೂ ಮಾಡಿ ನೋಡಿ: ಖಾಲಿ ಬೆಂಕಿಪೊಟ್ಟಣದೊಳಗೆ ಒಂದು ಹುಣಸೆ ಬೀಜವನ್ನು ಅಂಟಿಸಿ. ಪೊಟ್ಟಣದ ಮೇಲಿನ ನೋಟ ಮತ್ತು ಮುಂಭಾಗದ ನೋಟವನ್ನು ಅಳತೆಗೆ ಸರಿಯಾಗಿ ಬರೆಯಿರಿ. ಬೀಜವನ್ನು ತುಂಡು ಗೆರೆಗಳಿಂದ ತೋರಿಸಿ. ಪೊಟ್ಟಣವನ್ನು ಮುಚ್ಚಿ, ಚಿತ್ರದ ಜೊತೆ ಗೆಳೆಯರಿಗೆ ಕೊಡಿ. ಬೀಜ ಎಲ್ಲಿದೆ ಎಂದು ಅವರು ಪೊಟ್ಟಣ ತೆರೆಯದೆಯೇ ಗುರುತಿಸಲಿ. ಆಮೇಲೆ ತೆರೆದು, ಸ್ಕೇಲಿನಿಂದ ಅಳೆದು ತಾಳೆ ನೋಡಿ.